ಮನೆಯ ಹಿತ್ತಲು: ಟೊಮೇಟೊ ಗಿಡದ ಪೋಷಣೆ

ಕಳೆದ ಸಂಚಿಕೆಯಲ್ಲಿ ಮೆಂತ್ಯ, ದಂಟು ಮೊದಲಾದ ಸೊಪ್ಪುಗಳ ವಿಚಾರವನ್ನು ಬರೆದುದಾಯಿತು. ಈ ತಿಂಗಳು ಟೊಮೇಟೊ ಗಿಡವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆನು. ಇಂದು ಈ ಹಣ್ಣು ಇಲ್ಲದ ಅಡಿಗೆಯ ಮನೆಯು ವಿರಳ. ಸಾರಿಗೆ ಬೇಕು, ಗೊಜ್ಜಿಗೆ ಬೇಕು, ಮಕ್ಕಳ ಬುತ್ತಿಯ ಚಿತ್ರಾನ್ನಕ್ಕೂ ಬೇಕು. 2023ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಇದರ ಬೆಲೆಯು ಕಿಲೋ ಒಂದಕ್ಕೆ 100 ರೂಪಾಯಿಗಳನ್ನು ಮೀರಿದಾಗ ಅನೇಕ ಗೃಹಿಣಿಯರು ಮರಳಿ ಹುಣಿಸೆಹಣ್ಣಿನ ಭರಣಿಯ ಕಡೆಗೆ ಕೈಚಾಚಿದರು. ಇದೇ ಹಣ್ಣನ್ನು ಮತ್ತೊಂದು ಕಾಲದಲ್ಲಿ ಕೊಳ್ಳುವವರಿಲ್ಲದೆ ರೈತನು ದಾರಿಯ ಬದಿಯಲ್ಲಿ ಸುರಿದು ಬರಿಗೈಯಲ್ಲಿ ಮನೆಗೆ ಹಿಂದಿರುಗುವುದನ್ನೂ ಕೋಲಾರದ ಸೀಮೆಯವರು ಕಂಡಿರುವರು. ಪೇಟೆಯ ಈ ಏರಿಳಿತವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಹಿತ್ತಲಿನಲ್ಲಿ ಆರು ಗಿಡಗಳನ್ನು ಕ್ರಮವಾಗಿ ಬೆಳೆಸಿದರೆ, ಗಿಡವೊಂದಕ್ಕೆ ಎರಡು ಮೂರು ಕಿಲೋ ಹಣ್ಣಿನಂತೆ, ಚಿಕ್ಕ ಸಂಸಾರವೊಂದಕ್ಕೆ ಸುಮಾರು ಎರಡು ತಿಂಗಳು ಕೊರತೆಯಿಲ್ಲದೆ ನಡೆದೀತು.

ಈ ಗಿಡವು ನಮ್ಮ ನಾಡಿನದಲ್ಲ. ಸುರಪಾಲನ ವೃಕ್ಷಾಯುರ್ವೇದದಲ್ಲಾಗಲಿ, ಹನ್ನೊಂದನೆಯ ಶತಮಾನದಲ್ಲಿ ನಮ್ಮ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಾಗಲಿ ಇದರ ಹೆಸರನ್ನು ಹುಡುಕುವುದು ವ್ಯರ್ಥ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತವು ಇದರ ತವರು. ಮೆಕ್ಸಿಕೋ ದೇಶದ ಮೂಲನಿವಾಸಿಗಳು ಇದನ್ನು ತೋಟದ ಬೆಳೆಯನ್ನಾಗಿ ತಿದ್ದಿದರು. ಅವರು ಕರೆದ ‘ಟೊಮಾಟ್ಲ್’ ಎಂಬ ಹೆಸರೇ ಸ್ವಲ್ಪ ರೂಪಾಂತರ ಹೊಂದಿ ನಮ್ಮ ಬಾಯಿಗೆ ಬಂದಿದೆ. ಸಮುದ್ರಮಾರ್ಗವಾಗಿ ಐರೋಪ್ಯರೊಡನೆ ಬಂದ ಈ ಅತಿಥಿಗೆ ಇಂದಿಗೂ ಆಚಾರವಂತರ ಶ್ರಾದ್ಧದ ಅಡಿಗೆಯಲ್ಲಿ ಪ್ರವೇಶವಿಲ್ಲ. ಉಳಿದ ದಿನಗಳಲ್ಲಿ ಮಾತ್ರ ಇದೇ ಯಜಮಾನ. ಕುಲದಲ್ಲಿ ಇದು ಬದನೆಯ ದಾಯಾದಿ. ಮೆಣಸಿನಕಾಯಿ, ಆಲೂಗೆಡ್ಡೆ, ಹೊಗೆಸೊಪ್ಪುಗಳೂ ಅದೇ ವಂಶಕ್ಕೆ ಸೇರಿದುವು. ಈ ಬಾಂಧವ್ಯವನ್ನು ವಾಚಕರು ನೆನಪಿನಲ್ಲಿಡಬೇಕು. ರೋಗದ ವಿಚಾರಕ್ಕೆ ಬಂದಾಗ ಇದರ ಪ್ರಯೋಜನ ತಿಳಿಯುವುದು.

ಕಾಲವೂ ಸ್ಥಳವೂ

ಟೊಮೇಟೊ ಗಿಡವನ್ನು ವರ್ಷದ ಯಾವ ತಿಂಗಳಿನಲ್ಲಾದರೂ ಬೆಳೆಸುವವರುಂಟು. ಆದರೆ ಹೊಸಬರು ಭಾದ್ರಪದದ ಕೊನೆಯಲ್ಲಿ ಇಲ್ಲವೆ ಆಶ್ವಯುಜದಲ್ಲಿ, ಎಂದರೆ ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿ ಬೀಜವನ್ನು ಹಾಕುವುದು ಲೇಸು. ಮುಂಗಾರಿನ ಮಳೆಯಲ್ಲಿ ಎಲೆಗೆ ಅಂಗಮಾರಿಯ ಕಾಟ. ಬೇಸಗೆಯಲ್ಲಿ ಬಿಳಿನೊಣದ ಕಾಟ. ಅಲ್ಲದೆ ಹಗಲಿನ ತಾಪವು 35 ಡಿಗ್ರಿಯನ್ನು ಮೀರಿದರೂ, ರಾತ್ರಿಯ ತಾಪವು 24 ಡಿಗ್ರಿಗಿಂತ ಇಳಿಯದಿದ್ದರೂ ಹೂವು ಕಾಯಿಗಟ್ಟದೆ ಉದುರುವುದು. ಆಶ್ವಯುಜದಲ್ಲಿ ಬಿತ್ತಿದ ಗಿಡವು ಮಾರ್ಗಶಿರದ ತಂಪಿನಲ್ಲಿ ಹೂಬಿಟ್ಟು ಪುಷ್ಯ ಮಾಘಗಳಲ್ಲಿ ಹಣ್ಣನ್ನು ಕೊಡುವುದು. ಮಲೆನಾಡಿನವರೂ ಕರಾವಳಿಯವರೂ ಮಳೆಯು ಪೂರ್ಣವಾಗಿ ಹಿಂದೆಗೆದ ಮೇಲೆಯೇ ಸಸಿಯನ್ನು ನೆಡತಕ್ಕದ್ದು.

ದಿನಕ್ಕೆ ಆರು ಗಂಟೆಗಳ ಕಾಲವಾದರೂ ನೇರವಾದ ಬಿಸಿಲು ಬೀಳುವ ಸ್ಥಳವನ್ನೇ ಆರಿಸಬೇಕು. ಬಚ್ಚಲಿನ ನೀರು ನಿಲ್ಲುವ ಜಾಗದಲ್ಲಿ ಬಾಳೆ ಬೆಳೆದೀತು, ಕೆಸು ಬೆಳೆದೀತು, ಟೊಮೇಟೊ ಬೆಳೆಯದು. ಹಿತ್ತಲಿಲ್ಲದ ಪಟ್ಟಣವಾಸಿಗಳು ಮಹಡಿಯ ಮೇಲೆ ಕುಂಡದಲ್ಲಿ ಬೆಳೆಸಬಹುದು. ಕುಂಡವು ಹದಿನೈದು ಇಪ್ಪತ್ತು ಲೀಟರು ಮಣ್ಣನ್ನು ಹಿಡಿಯುವಷ್ಟು ದೊಡ್ಡದಾಗಿರಬೇಕು. ತಳದಲ್ಲಿ ನೀರು ಬಸಿಯುವ ರಂಧ್ರಗಳು ಅವಶ್ಯವಾಗಿ ಇರಬೇಕು. ತುಳಸಿಯ ಕುಂಡದಷ್ಟು ಚಿಕ್ಕ ಪಾತ್ರೆಯಲ್ಲಿ ನೆಟ್ಟು ಫಲವಿಲ್ಲವೆಂದು ಗಿಡವನ್ನು ದೂರುವುದು ನ್ಯಾಯವಲ್ಲ.

ಬೀಜ ಮತ್ತು ಸಸಿಮಡಿ

ಬೀಜವು ಮುಖ್ಯ. ಬೆಂಗಳೂರಿನ ಸಮೀಪದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ ಅರ್ಕಾ ರಕ್ಷಕ್ ಎಂಬ ಸಂಕರ ತಳಿಯು ಎಲೆಮುದುಡು, ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನೂ ತಕ್ಕಮಟ್ಟಿಗೆ ಎದುರಿಸತಕ್ಕುದು. ತಾವೇ ಬೀಜವನ್ನು ಕಾದಿಟ್ಟುಕೊಳ್ಳಬೇಕೆನ್ನುವವರು ಅದೇ ಸಂಸ್ಥೆಯ ಅರ್ಕಾ ವಿಕಾಸ್‌ನಂತಹ ಸಂಕರವಲ್ಲದ ತಳಿಯನ್ನೋ, ಊರಿನ ಹುಳಿಹಣ್ಣಿನ ನಾಟಿ ಜಾತಿಯನ್ನೋ ಆರಿಸಿಕೊಳ್ಳಬೇಕು.

ಬೀಜವನ್ನು ನೇರವಾಗಿ ಪಾತಿಯಲ್ಲಿ ಬಿತ್ತುವುದಕ್ಕಿಂತ ಸಸಿಮಡಿಯಲ್ಲಿ ಎಬ್ಬಿಸಿ ಆಮೇಲೆ ಕಿತ್ತು ನೆಡುವುದು ಉತ್ತಮ. ಹಳೆಯ ತಟ್ಟೆಯೋ ಅಗಲಬಾಯಿಯ ಕುಂಡವೋ ಸಾಕು. ಮಣ್ಣು ಒಂದು ಪಾಲು, ಜರಡಿಯಾಡಿದ ಎರೆಗೊಬ್ಬರ ಒಂದು ಪಾಲು, ಮರಳು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು ಬೆರಸಿ ತುಂಬಿ, ಕಾಲಂಗುಲದ ಆಳದಲ್ಲಿ ಬೀಜವನ್ನಿಟ್ಟು ತೆಳುವಾಗಿ ಮುಚ್ಚಬೇಕು. ಬೀಜಕ್ಕೂ ಬೀಜಕ್ಕೂ ಎರಡು ಬೆರಳಿನ ಅಂತರವಿರಲಿ. ಐದರಿಂದ ಎಂಟು ದಿನಗಳೊಳಗೆ ಮೊಳಕೆಯು ತಲೆಯೆತ್ತುವುದು. ಮೊಳೆತ ಮೇಲೆ ಸಸಿಯನ್ನು ನೆರಳಿನಲ್ಲಿಡಕೂಡದು. ನೆರಳಿನ ಸಸಿಯು ಬೆಳಕನ್ನು ಅರಸುತ್ತ ಉದ್ದವಾಗಿ ಬಡಕಲಾಗುವುದು. ಸಸಿಮಡಿಯ ಮೇಲೆ ಒತ್ತುಕಣ್ಣಿನ ನೈಲಾನು ಪರದೆಯೊಂದನ್ನು ಕಮಾನಿನಂತೆ ಹೊದಿಸುವುದು ಅತ್ಯವಶ್ಯ. ಕಾರಣವನ್ನು ಮುಂದೆ ಹೇಳುವೆನು.

ನೆಡುವ ಕ್ರಮ

ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಸಸಿಯು ನಾಲ್ಕಾರು ಎಲೆಗಳನ್ನು ತಳೆದು ಮುಕ್ಕಾಲು ಗೇಣಿನಷ್ಟು ಎತ್ತರವಾಗುವುದು. ಅಷ್ಟರೊಳಗೆ ಪಾತಿಯನ್ನು ಸಿದ್ಧಪಡಿಸಿರಬೇಕು. ಒಂದು ಗೇಣು ಆಳಕ್ಕೆ ಅಗೆದು, ಮಣ್ಣನ್ನು ಒಂದು ವಾರ ಬಿಸಿಲಿಗೆ ಬಿಟ್ಟು, ಗುಣಿಯೊಂದಕ್ಕೆ ಎರಡು ಬೊಗಸೆ ಚೆನ್ನಾಗಿ ಕಳಿತ ಕೊಟ್ಟಿಗೆಯ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿಯನ್ನು ಬೆರಸಬೇಕು. ಹಸಿಯ ಸಗಣಿಯನ್ನು ಹಾಕುವುದು ಸರ್ವಥಾ ಕೂಡದು. ಅದು ಬೇರನ್ನು ಸುಡುವುದಲ್ಲದೆ ಗೊಣ್ಣೆಹುಳುಗಳನ್ನೂ ಕರೆತರುವುದು. ಗಿಡದಿಂದ ಗಿಡಕ್ಕೆ ಒಂದು ಮೊಳ, ಸಾಲಿನಿಂದ ಸಾಲಿಗೆ ಒಂದೂವರೆ ಮೊಳ ಅಂತರವಿಟ್ಟರೆ ಗಾಳಿಯು ಧಾರಾಳವಾಗಿ ಆಡುವುದು.

ನೆಡುವಾಗ ಒಂದು ವಿಶೇಷವುಂಟು. ಬೇರೆ ಸಸಿಗಳನ್ನು ಮಡಿಯಲ್ಲಿದ್ದಷ್ಟೇ ಆಳಕ್ಕೆ ನೆಡುವುದು ವಾಡಿಕೆ. ಟೊಮೇಟೊ ಸಸಿಯನ್ನಾದರೋ ಕೆಳಗಿನ ಎರಡು ಎಲೆಗಳನ್ನು ಚಿವುಟಿ, ಕಾಂಡದ ಅರ್ಧಭಾಗವು ಮಣ್ಣಿನೊಳಗೆ ಹೋಗುವಂತೆ ಆಳವಾಗಿ ನೆಡಬೇಕು. ಹೂತುಹೋದ ಕಾಂಡದ ಭಾಗದಿಂದಲೂ ಹೊಸ ಬೇರುಗಳು ಹೊರಡುವ ಗುಣ ಇದಕ್ಕುಂಟು. ಬೇರು ಹೆಚ್ಚಿದಷ್ಟೂ ಗಿಡವು ಬಲವಾಗುವುದು. ನೆಡುವ ಕೆಲಸವನ್ನು ಸಂಜೆಯ ಹೊತ್ತು ಮಾಡಿ ಕೂಡಲೆ ನೀರೆರೆಯಬೇಕು.

ನೀರು, ಗೊಬ್ಬರ, ಆಸರೆ

ನಮ್ಮ ಮನೆಗಳಲ್ಲಿ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ಪ್ರೀತಿಯ ನೀರಿನಿಂದ ಸಾಯುವುದೇ ಹೆಚ್ಚು. ಬೆರಳನ್ನು ಮಣ್ಣಿನೊಳಗೆ ಎರಡಂಗುಲ ಇಳಿಸಿ ನೋಡಬೇಕು; ತೇವವಿದ್ದರೆ ಅಂದು ನೀರು ಬೇಡ. ಒಣಗಿದ್ದರೆ ಬುಡಕ್ಕೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಎರೆಯಬೇಕು. ಎಲೆಯ ಮೇಲೆ ಸುರಿಯಬಾರದು. ಬೆಳಗಿನ ಹೊತ್ತೇ ಪ್ರಶಸ್ತ. ಕುಂಡದ ಗಿಡಕ್ಕೆ ಪ್ರಾಯಶಃ ಪ್ರತಿದಿನವೂ ಬೇಕಾದೀತು.

ನಾಲ್ಕು ದಿನ ಒಣಗಿಸಿ ಐದನೆಯ ದಿನ ಮುಳುಗಿಸುವ ಅಭ್ಯಾಸದಿಂದ ಎರಡು ಕೇಡುಗಳು ಉಂಟಾಗುವುವು. ಒಂದನೆಯದು, ಹಣ್ಣು ಬಿರಿಯುವುದು. ಎರಡನೆಯದು, ಕಾಯಿಯ ತುದಿಯಲ್ಲಿ, ಹೂವು ಉದುರಿದ ಕಡೆಯಲ್ಲಿ, ಕಪ್ಪಾದ ಚಪ್ಪಟೆಯ ಕಲೆಯು ಬಿದ್ದು ಕೊಳೆಯುವುದು. ಇದನ್ನು ಕಂಡು ಹುಳು ಬಿತ್ತೆಂದು ಭ್ರಮಿಸಿ ವಿಷವನ್ನು ಸಿಂಪಡಿಸುವವರುಂಟು. ಇದು ಹುಳುವೂ ಅಲ್ಲ, ಅಂಟುರೋಗವೂ ಅಲ್ಲ. ಸುಣ್ಣದ ಅಂಶವು ನೀರಿನೊಡನೆಯೇ ಕಾಯಿಯ ತುದಿಗೆ ಏರಬೇಕು. ನೀರಿನ ಹರಿವು ಕಡಿದಾಗ ಆ ತುದಿಗೆ ಸುಣ್ಣವು ಮುಟ್ಟದೆ ಅಲ್ಲಿನ ಅಂಗವು ಕುಸಿಯುವುದು. ಮೊಟ್ಟೆಯ ಓಡನ್ನು ಕುಟ್ಟಿ ಹಾಕಿದರೆ ಕೂಡಲೆ ವಾಸಿಯಾಗುವುದೆಂಬ ಮಾತು ನಿಜವಲ್ಲ; ಓಡು ಮಣ್ಣಿನಲ್ಲಿ ಕರಗಲು ಬಹುಕಾಲ ಹಿಡಿಯುವುದು. ನೀರನ್ನು ಸಮವಾಗಿ ಕೊಡುವುದೇ ಇದಕ್ಕೆ ಮದ್ದು. ಗಿಡದ ಸುತ್ತ ತರಗೆಲೆಯನ್ನೋ ಒಣಹುಲ್ಲನ್ನೋ ಎರಡಂಗುಲ ದಪ್ಪಕ್ಕೆ ಹೊದಿಸಿದರೆ ತೇವವು ಒಂದೇ ಸಮನಾಗಿ ನಿಲ್ಲುವುದಲ್ಲದೆ, ಮಳೆಹನಿಯೊಡನೆ ಮಣ್ಣು ಸಿಡಿದು ಕೆಳಗಿನ ಎಲೆಗಳಿಗೆ ರೋಗವನ್ನು ಹತ್ತಿಸುವುದೂ ತಪ್ಪುವುದು.

ಗೊಬ್ಬರದ ವಿಷಯದಲ್ಲಿಯೂ ಮಿತಿಯು ಬೇಕು. ನೆಟ್ಟ ಮೂರು ವಾರಗಳಾದ ಮೇಲೆ ಒಂದು ಸಲ, ಹೂ ಬಿಡುವಾಗ ಒಂದು ಸಲ, ಕಾಯಿ ಕಟ್ಟಿದ ಮೇಲೆ ಒಂದು ಸಲ, ಹಿಡಿ ಎರಡು ಹಿಡಿ ಎರೆಗೊಬ್ಬರವನ್ನು ಬುಡಕ್ಕೆ ಕೊಟ್ಟರೆ ಸಾಕು. ಸೌದೆಯ ಬೂದಿ ದೊರೆಯುವ ಮನೆಯಲ್ಲಿ ಒಂದೆರಡು ಚಮಚದಷ್ಟನ್ನು ಸೇರಿಸಬಹುದು. ಯೂರಿಯಾವನ್ನು ಹೆಚ್ಚಾಗಿ ತಿಂದ ಗಿಡವು ಕಪ್ಪುಹಸುರಾಗಿ ಸೊಂಪಾಗಿ ಬೆಳೆದು, ನೋಡುವವರ ಕಣ್ಣಿಗೆ ಹಬ್ಬವಾಗಿ, ಅಡಿಗೆಯ ಮನೆಗೆ ಏನನ್ನೂ ಕೊಡದೆ ನಿಲ್ಲುವುದು.

ಗಿಡವು ಮೊಣಕಾಲಿನ ಎತ್ತರಕ್ಕೆ ಬಂದಾಗ, ಬೇರಿಗೆ ಪೆಟ್ಟಾಗದಂತೆ ಪಕ್ಕದಲ್ಲಿ ಬಿದಿರಿನ ಗಳುವನ್ನು ನೆಟ್ಟು, ಹಳೆಯ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಎಂಟರ ಅಂಕಿಯಂತೆ ಕಟ್ಟಬೇಕು. ಟೊಮೇಟೊ ಜಾತಿಗಳಲ್ಲಿ ಬಳ್ಳಿಯಂತೆ ಏರುತ್ತಲೇ ಹೋಗುವುದೊಂದು, ಪೊದೆಯಾಗಿ ಒಂದು ಎತ್ತರಕ್ಕೆ ನಿಲ್ಲುವುದೊಂದು. ಏರುವ ಜಾತಿಯಲ್ಲಿ ಎಲೆಯ ಕಂಕುಳಿನಿಂದ ಹೊರಡುವ ಕುಡಿಗಳನ್ನು ಚಿಕ್ಕದಿರುವಾಗಲೇ ಚಿವುಟಿ ಒಂದೆರಡು ಕಾಂಡಗಳನ್ನು ಮಾತ್ರ ಬೆಳೆಸಬೇಕು. ಪೊದೆಯ ಜಾತಿಯಲ್ಲಿ ಹೀಗೆ ಚಿವುಟಿದರೆ ಫಲವನ್ನೇ ಚಿವುಟಿದಂತಾಗುವುದು.

ಹೂವು ಬಿಟ್ಟೂ ಕಾಯಿ ಕಟ್ಟದಿದ್ದರೆ ಒಂದು ಉಪಾಯವುಂಟು. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡು ಅಂಗಗಳೂ ಇರುವುವು. ಆದರೆ ಪರಾಗವು ಕೇಸರಗಳ ಕೊಳವೆಯೊಳಗೆ ಅಡಗಿರುವುದು. ದುಂಬಿಯು ಹೂವನ್ನು ಹಿಡಿದು ಝೇಂಕರಿಸಿದಾಗ ಆ ನಡುಕಕ್ಕೆ ಪರಾಗವು ಉದುರುವುದು. ಸಾಮಾನ್ಯವಾದ ಜೇನುಹುಳುವಿಗೆ ಈ ವಿದ್ಯೆಯಿಲ್ಲ. ನಮ್ಮ ಕವಿಗಳು ಭ್ರಮರದ ಝೇಂಕಾರವನ್ನು ಅಲಂಕಾರಕ್ಕೆಂದು ವರ್ಣಿಸಿದರು. ಇಲ್ಲಿ ಅದು ಸಂಸಾರಕ್ಕೆ ಉಪಯೋಗವಾಗಿರುವುದನ್ನು ಕಾಣಬಹುದು. ಗಾಳಿಯೂ ದುಂಬಿಯೂ ಬಾರದ ಮಹಡಿಯ ಮೂಲೆಯಲ್ಲಿ ಗಿಡವಿದ್ದರೆ, ಬೆಳಗ್ಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಸಾಕು.

ರೋಗಗಳು, ಮತ್ತು ನನ್ನ ಒಂದು ತಪ್ಪು

ಇನ್ನು ರೋಗಗಳ ವಿಚಾರ. ಇದನ್ನು ಶಾಸ್ತ್ರದಿಂದಲ್ಲ, ನನ್ನ ಮನೆಯ ಕಥೆಯಿಂದಲೇ ಆರಂಭಿಸುವೆನು.

ಕೆಲವು ವರ್ಷಗಳ ಹಿಂದೆ ನಾನು ಹನ್ನೆರಡು ಗಿಡಗಳನ್ನು ಬೆಳೆಸಿದ್ದೆನು. ನೆಟ್ಟು ಮೂರು ವಾರಗಳಾಗಿದ್ದುವು. ಒಂದು ಗಿಡದ ಕುಡಿಯೆಲೆಗಳು ಚಿಕ್ಕದಾಗಿ, ಹಳದಿಯ ಅಂಚು ತಳೆದು, ಮೇಲ್ಮುಖವಾಗಿ ದೊನ್ನೆಯಂತೆ ಮುದುಡಿಕೊಂಡುವು. ನಮ್ಮ ಮನೆಯವರು ಅದನ್ನು ಮೊದಲು ಕಂಡು, “ಆ ಗಿಡವನ್ನು ಕಿತ್ತುಬಿಡಿ. ಅದರ ಲಕ್ಷಣ ನನಗೆ ಸರಿಯಾಗಿ ಕಾಣುವುದಿಲ್ಲ” ಎಂದರು. ಬೀಜದಿಂದ ಕೈಯಾರೆ ಎಬ್ಬಿಸಿದ ಗಿಡ. “ಇನ್ನೆರಡು ದಿನ ನೋಡೋಣ” ಎಂದೆನು. ಎರಡು ದಿನವು ಎಂಟು ದಿನವಾಯಿತು. ನೀರನ್ನು ಹೆಚ್ಚಿಸಿದೆನು, ಗೊಬ್ಬರವನ್ನು ಕೊಟ್ಟೆನು, ಬೂದಿಯನ್ನು ಎರಚಿದೆನು. ಮೂರು ವಾರಗಳಲ್ಲಿ ಹನ್ನೆರಡು ಗಿಡಗಳಲ್ಲಿ ಒಂಬತ್ತು ಮುದುಡಿದುವು.

ನಷ್ಟವು ನನ್ನ ಹಿತ್ತಲಿಗೆ ಮಾತ್ರ ಆಗಿದ್ದರೆ ಇದನ್ನು ಇಲ್ಲಿ ಬರೆಯುತ್ತಿರಲಿಲ್ಲ. ಬೇಲಿಯ ಆಚೆಯ ಮನೆಯಾಕೆಯು ಗಂಡನನ್ನು ಕಳೆದುಕೊಂಡವಳು. ತನ್ನ ಹಿತ್ತಲಿನ ಟೊಮೇಟೊ ಮೆಣಸಿನಕಾಯಿಗಳನ್ನು ಮನೆಮನೆಗೆ ಮಾರಿ ಮಗನ ಶಾಲೆಯ ಖರ್ಚನ್ನು ತೂಗಿಸುತ್ತಿದ್ದಳು. ಆಕೆಯ ಗಿಡಗಳೂ ಮುದುಡಿದುವು. ಒಂದು ಸಂಜೆ ಬೇಲಿಯ ಬಳಿಗೆ ಬಂದು, “ಮೇಷ್ಟ್ರೇ, ನೀವು ಓದಿದವರು. ಇದಕ್ಕೆ ಏನು ಹಾಕಬೇಕು ಹೇಳಿ” ಎಂದು ಕೇಳಿದಳು. ಹಾಕಬೇಕಾದುದು ಏನೂ ಇರಲಿಲ್ಲ. ಮೂರು ವಾರಗಳ ಹಿಂದೆ ಕೀಳಬೇಕಾದುದು ಒಂದಿತ್ತು. ಅದನ್ನು ನಾನು ಆಕೆಗೆ ಹೇಳಿದೆನು. ಆಕೆಯು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಇದು ಎಲೆಮುದುಡು ರೋಗ. ಕಣ್ಣಿಗೆ ಕಾಣದ ವೈರಸ್ಸು ಇದಕ್ಕೆ ಕಾರಣ. ಬಿಳಿನೊಣವೆಂಬ ಅಕ್ಕಿನುಚ್ಚಿಗಿಂತ ಚಿಕ್ಕದಾದ ಕೀಟವು ಇದರ ವಾಹನ. ರೋಗಿಯಾದ ಗಿಡದ ರಸವನ್ನು ಹೀರಿದ ಬಿಳಿನೊಣವು ಆರೋಗ್ಯವಾದ ಗಿಡದ ಮೇಲೆ ಕುಳಿತು ಅದಕ್ಕೂ ರೋಗವನ್ನು ದಾಟಿಸುವುದು. ಹತ್ತಿದ ಗಿಡವನ್ನು ವಾಸಿಮಾಡುವ ಔಷಧಿಯು ಲೋಕದಲ್ಲಿಲ್ಲ. ಆದುದರಿಂದಲೇ ಸಸಿಮಡಿಗೆ ಪರದೆಯನ್ನು ಕಟ್ಟಬೇಕೆಂದು ಮೇಲೆ ಹೇಳಿದುದು. ಎಳೆಯದರಲ್ಲಿ ಹತ್ತಿದ ಗಿಡವು ಕಾಯನ್ನೇ ಬಿಡದು. ನೆಟ್ಟ ಮೇಲೆ, ಎಣ್ಣೆ ಸವರಿದ ಹಳದಿ ಹಲಗೆಯನ್ನು ಗಿಡಗಳ ಎತ್ತರಕ್ಕೆ ತೂಗುಹಾಕಿದರೆ ಬಿಳಿನೊಣಗಳು ಬಂದು ಅಂಟಿಕೊಳ್ಳುವುವು. ಮುದುಡಿದ ಗಿಡವನ್ನು ಕಂಡ ದಿನವೇ, ಬೆಳಗಿನ ತಂಪಿನಲ್ಲಿ, ಅದರ ಮೇಲೆ ಒಂದು ಚೀಲವನ್ನು ಮುಚ್ಚಿ ಕಿತ್ತು, ದೂರದಲ್ಲಿ ಹೂಳಬೇಕು. ಚೀಲವಿಲ್ಲದೆ ಅಲುಗಿಸಿದರೆ ನೊಣಗಳು ಹಾರಿ ಪಕ್ಕದ ಗಿಡವನ್ನು ಸೇರುವುವು. ಒಂದರ ಮೇಲಿನ ಮಮತೆಯು ಹನ್ನೊಂದರ ಮೇಲಿನ ನಿರ್ದಯೆಯಾಗುವುದೆಂಬುದನ್ನು ನಾನು ಆ ವರ್ಷ ಕಲಿತೆನು.

ಎರಡನೆಯದು ಸೊರಗು ರೋಗ. ನಿನ್ನೆ ನೆಟ್ಟಗಿದ್ದ ಗಿಡವು ಇಂದು ಎಲೆಯು ಹಸುರಾಗಿರುವಂತೆಯೇ ಜೋತುಬೀಳುವುದು, ನೀರೆರೆದರೂ ಏಳದು. ಸಂದೇಹವಿದ್ದರೆ ಕಾಂಡದ ಬುಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆಯು ಕೆಳಗಿಳಿದರೆ ಅದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದ ಕೆಲಸ. ಆ ಪಾತಿಯಲ್ಲಿ ಮೂರು ವರ್ಷಗಳ ಕಾಲ ಟೊಮೇಟೊ ಮಾತ್ರವಲ್ಲ, ಅದರ ದಾಯಾದಿಗಳಾದ ಬದನೆ, ಮೆಣಸಿನಕಾಯಿ, ಆಲೂಗೆಡ್ಡೆಗಳನ್ನೂ ಹಾಕಬಾರದು. ಸೊಪ್ಪು, ಹುರುಳಿಕಾಯಿ, ಮುಸುಕಿನ ಜೋಳಗಳನ್ನು ಬೆಳೆಯಬಹುದು.

ಮೂರನೆಯದು ಅಂಗಮಾರಿ. ಕೆಳಗಿನ ಮುದಿ ಎಲೆಗಳಲ್ಲಿ ಒಳಗೊಂದು ಹೊರಗೊಂದು ಉಂಗುರವಿರುವ ಕಂದು ಚುಕ್ಕೆಗಳು ಕಾಣುವುವು. ಅಂತಹ ಎಲೆಗಳನ್ನು ಒಣಗಿದ ಹೊತ್ತಿನಲ್ಲಿ ಕತ್ತರಿಸಿ ತೆಗೆದು, ಬುಡದ ಒಂದು ಗೇಣಿನವರೆಗೆ ಗಾಳಿಯಾಡುವಂತೆ ಬರಿದುಮಾಡಬೇಕು.

ಇನ್ನೊಂದು ಮಾತು. ನಶ್ಯ, ಬೀಡಿ, ಹೊಗೆಸೊಪ್ಪುಗಳ ಅಭ್ಯಾಸವುಳ್ಳ ಹಿರಿಯರು ಸಾಬೂನಿನಿಂದ ಕೈತೊಳೆಯದೆ ಈ ಗಿಡವನ್ನು ಮುಟ್ಟಬಾರದು. ಹೊಗೆಸೊಪ್ಪಿನ ಒಂದು ವೈರಸ್ಸು ಒಣಗಿದ ಎಲೆಯಲ್ಲಿಯೂ ಜೀವಿಸಿದ್ದು ಬೆರಳಿನ ಮೂಲಕ ಟೊಮೇಟೊಗೆ ದಾಟುವುದು.

ಹುಳುಗಳಲ್ಲಿ ಕಾಯಿಕೊರಕವು ಮುಖ್ಯ. ಇದಕ್ಕೆ ಚೆಂಡುಹೂವು ಒಳ್ಳೆಯ ಕಾವಲುಗಾರ. ತಾಯಿಪತಂಗವು ಟೊಮೇಟೊಗಿಂತ ಚೆಂಡುಹೂವಿನ ಮೇಲೆ ಮೊಟ್ಟೆಯಿಡಲು ಹೆಚ್ಚು ಇಷ್ಟಪಡುವುದು. ಎರಡೂ ಒಂದೇ ಕಾಲಕ್ಕೆ ಹೂಬಿಡಬೇಕಾದುದರಿಂದ, 25 ದಿನಗಳ ಟೊಮೇಟೊ ಸಸಿಯೊಡನೆ 45 ದಿನಗಳ ಚೆಂಡುಹೂವಿನ ಸಸಿಯನ್ನು ನೆಡುವುದು ಕ್ರಮ. ಹುಳು ಕಂಡರೆ ಬೆಳಗ್ಗೆ ಕೈಯಿಂದಲೇ ಆರಿಸಿ ತೆಗೆಯಬಹುದು. ಆರು ಗಿಡಗಳಿಗೆ ಎಷ್ಟು ಹೊತ್ತು ಬೇಕು? ಎಲೆಯೊಳಗೆ ಬಿಳಿಯ ಸುರಂಗಗಳನ್ನು ಕೊರೆಯುವ ಟೂಟಾ ಎಂಬ ಹೊಸ ಪೀಡೆಯೊಂದು 2014ರಿಂದ ಈಚೆಗೆ ನಮ್ಮ ದೇಶದಲ್ಲಿ ಕಾಣಿಸಿಕೊಂಡಿದೆ. ಅಂತಹ ಎಲೆಗಳನ್ನು ಕಂಡ ಕೂಡಲೆ ಕಿತ್ತು ನಾಶಪಡಿಸಬೇಕು. ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ನಾಲ್ಕು ತೊಟ್ಟು ಸಾಬೂನುನೀರು ಸೇರಿಸಿ ಸಂಜೆಯ ಹೊತ್ತು ಚಿಮುಕಿಸುವುದರಿಂದ ಅನೇಕ ಕೀಟಗಳು ಹತೋಟಿಗೆ ಬರುವುವು. ಘೋರವಾದ ವಿಷಗಳು ಮನೆಯ ಹಿತ್ತಲಿಗೆ ಬೇಡ. ಮಕ್ಕಳು ಹಣ್ಣನ್ನು ಗಿಡದಿಂದ ಕಿತ್ತು ಅಲ್ಲಿಯೇ ತಿನ್ನುವರು. ಅವರು ಹಾಗೆ ತಿನ್ನಲೆಂದೇ ಅಲ್ಲವೆ ನಾವು ಗಿಡವನ್ನು ನೆಟ್ಟುದು?

ಕೊಯ್ಲು ಮತ್ತು ಬೀಜಸಂಗ್ರಹ

ನೆಟ್ಟ ಎರಡು ತಿಂಗಳುಗಳಲ್ಲಿ, ಅಥವಾ ಸ್ವಲ್ಪ ತಡವಾಗಿ, ಮೊದಲ ಹಣ್ಣು ಬಣ್ಣ ತಿರುಗುವುದು. ಹಕ್ಕಿ ಅಳಿಲುಗಳ ಹಾವಳಿಯಿದ್ದರೆ ನಸುಗೆಂಪಾದಾಗಲೇ ಕಿತ್ತು, ಒಳಗೆ ಗಾಳಿಯಾಡುವೆಡೆಯಲ್ಲಿಟ್ಟರೆ ತಾನಾಗಿ ಹಣ್ಣಾಗುವುದು. ಹಣ್ಣಾಗದುದನ್ನು ಶೀತಲಪೆಟ್ಟಿಗೆಯಲ್ಲಿ ಇಡಬಾರದು; ರುಚಿಯು ಕೆಡುವುದು. ಇದರ ಎಲೆ ಕಾಂಡಗಳು ತಿನ್ನತಕ್ಕವಲ್ಲ, ದನಕರುಗಳಿಗೂ ಹಾಕಬಾರದು.

ಬೀಜಕ್ಕಾಗಿ ಆರೋಗ್ಯವಾದ ಗಿಡದ ಪೂರ್ತಿ ಕಳಿತ ಹಣ್ಣನ್ನು ಆರಿಸಿ, ತಿರುಳನ್ನು ಹಿಂಡಿ, ಎರಡು ಮೂರು ದಿನ ಲೋಟದಲ್ಲಿ ಹುಳಿಯಲು ಬಿಡಬೇಕು. ಬೀಜದ ಮೇಲಿನ ಲೋಳೆಯು ಬಿಟ್ಟು ಒಳ್ಳೆಯ ಬೀಜವು ತಳಕ್ಕಿಳಿಯುವುದು. ಅದನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಹೆಸರು ವರ್ಷಗಳನ್ನು ಬರೆದಿಟ್ಟರೆ ಮೂರು ನಾಲ್ಕು ವರ್ಷ ಮೊಳೆಯುವುದು. ಸಂಕರ ತಳಿಯ ಬೀಜದಿಂದ ಮಾತ್ರ ತಾಯಿಯ ಗುಣವನ್ನು ನಿರೀಕ್ಷಿಸಕೂಡದು.

ನನ್ನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುವೆನು. ಮರುವರ್ಷ ಆಶ್ವಯುಜದಲ್ಲಿ ಪರದೆಯ ಕೆಳಗೆ ನಲವತ್ತು ಸಸಿಗಳನ್ನು ಹೆಚ್ಚಾಗಿಯೇ ಎಬ್ಬಿಸಿ ಬೇಲಿಯ ಆಚೆಗೆ ಕೊಟ್ಟೆನು. ಆಕೆಯು ಒಂದೊಂದನ್ನೂ ತಿರುಗಿಸಿ ನೋಡಿ, ಎರಡನ್ನು ಬೇರೆಯಾಗಿ ತೆಗೆದಿಟ್ಟು, “ಇವೆರಡು ಬೇಡ ಮೇಷ್ಟ್ರೇ, ಎಲೆ ಸ್ವಲ್ಪ ಮುರುಟಿದೆ” ಎಂದಳು. ನನ್ನ ಕಣ್ಣಿಗೆ ಅವು ಚೆನ್ನಾಗಿಯೇ ಕಂಡಿದ್ದುವು. ಈ ಸಲ ‘ನೋಡೋಣ’ ಎನ್ನಲಿಲ್ಲ. ಎರಡನ್ನೂ ಅಲ್ಲಿಯೇ ಹೂಳಿದೆನು. ಆ ಮಾಘಮಾಸದಲ್ಲಿ ಬೇಲಿಯ ಎರಡು ಕಡೆಗಳಲ್ಲಿಯೂ ಹಣ್ಣಿತ್ತು.

ಮುಂದಿನ ಸಂಚಿಕೆಯಲ್ಲಿ ಅವರೆಯ ಚಪ್ಪರದ ವಿಚಾರ.